ದೋಣಿಯಡಿಯ ರಾವ್ಗ

ರವ್ನಾ ಮಕ್ಕಳಿಗೆ ಏನನ್ನೂ ಕಲಿಸುತ್ತಿರಲಿಲ್ಲ. ನಮ್ಮ ಶಿಶುವಿಹಾರವನ್ನು ನೋಡಲು ಬಂದ ಅಧಿಕಾರಿಗಳಿಗೆ ಅವಳು ಕೊಡುತ್ತಿದ್ದ ಉತ್ತರವೂ ಅದೇ: "ನಾನೇನ್ ಕಲಿಸ್ಲಿ? ಅವು ಆಡ್ತವೆ, ನಾನು ಕೂತಿರ್ತೀನಿ." ಉತ್ತರದ ಹಿಮನಾಡಿನ ನಮ್ಮ ಸಾಮಿ ಜನರ ಊರಿನಲ್ಲಿ, ಹೊಳೆಯ ದಂಡೆಯಲ್ಲಿ ಬರ್ಚ್ ಮರಗಳ ನಡುವೆ ನಿಂತ ಆ ಕೆಂಪು ಮರದ ಮನೆಯ ಅಂಗಳದಲ್ಲಿ ಹಿಮಸಾರಂಗಗಳು ಉದುರಿಸಿದ ಕೊಂಬುಗಳ ರಾಶಿಯೊಂದಿತ್ತು. ಬೆಳಗ್ಗೆ ಬಂದೊಡನೆ ಅವಳು ಆ ಕೊಂಬುಗಳನ್ನು ಹಿಮದ ಮೇಲೆ ಅಲ್ಲಲ್ಲಿ ಹರಡಿ, ಮೆಟ್ಟಿಲ ಮೇಲೆ ಕುಳಿತು ಯಾವುದೋ ಮಗುವಿನ ಹರಿದ ಕೈಗವಸನ್ನು ಹೊಲಿಯತೊಡಗುವಳು. ಮಕ್ಕಳು ಬರುವರು, ಕೊಂಬುಗಳು ಹಿಂಡಾಗುವುವು. ಒಬ್ಬನು ಹಿಂಡಿನ ಒಡೆಯ, ಒಬ್ಬಳು ನಾಯಿ, ಎಲ್ಲರಿಗಿಂತ ಚಿಕ್ಕದು ದಾರಿತಪ್ಪಿದ ಕರು. ಕುಣಿಕೆಹಗ್ಗವನ್ನು ಸರಿಯಾಗಿ ಎಸೆಯಲಾರದವನ ಕೊಂಬು ನೆರೆಯವನ ಹಿಂಡಿಗೆ ಸೇರಿಹೋಗುವುದು. ಸೋತೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಮವೇ ಕಾಫಿಯಾದ ಮರದ ಬಟ್ಟಲುಗಳನ್ನಿಟ್ಟುಕೊಂಡು ಕುಳಿತ ಪುಟ್ಟ ಗೃಹಿಣಿಯು, ಮೇವಿನ ಸ್ಥಿತಿ ಹೇಗಿದೆಯೆಂದು ವಿಚಾರಿಸದೆ ಬಟ್ಟಲಿಗೆ ಕೈಚಾಚಿದ ಅತಿಥಿಯಿಂದ ಮುಖ ತಿರುಗಿಸಿಕೊಳ್ಳುವಳು. ಹೀಗೆ ನಾಡಿನ ನಡೆಯೆಲ್ಲವೂ, ಉಪದೇಶದ ಸೋಂಕಿಲ್ಲದೆ, ಆ ಎಳೆಯ ಮೈಗಳೊಳಗೆ ಇಳಿಯುತ್ತಿತ್ತು.

ಅವಳ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮಕ್ಕಳನ್ನು ಕೆಣಕಿ ಗಟ್ಟಿಗೊಳಿಸುವುದು ನಮ್ಮವರ ವಾಡಿಕೆ. ಬಯಲಿನ ಗಾಳಿ ಯಾರ ಮುಖವನ್ನೂ ನೋಡಿ ಬೀಸುವುದಿಲ್ಲವಷ್ಟೆ.

"ಲೋ ಐಲು, ಹಗ್ಗ ಎಸೀತಿದೀಯೋ, ಒಗೆದ ಬಟ್ಟೆ ಒಣಗಹಾಕ್ತಿದೀಯೋ?"

"ಅಜ್ಜಿ, ಗಾಳಿ ಜೋರಾಗಿದೆ!"

"ಹೌದೌದು, ನಿಮ್ಮಜ್ಜನ ಕಾಲದಿಂದ್ಲೂ ನಿಮ್ಮ ಮನೆಯವರಿಗೆ ಗಾಳಿ ಜೋರೇ."

ಐಲು ಎಂಬ ಆ ಆರು ವರ್ಷದ ಹುಡುಗ ಕೆಂಪಾಗಿ ಮತ್ತೆ ಎಸೆಯುವನು. ಉಳಿದವರು ನಗುವರು. ಎಲ್ಲರಿಗಿಂತ ಜೋರಾಗಿ ನಗುವವಳು ಐದು ವರ್ಷದ ಸಿರೆ. ಮೀನು ಹಿಡಿಯುವ ಯೊವ್ನನ ಒಬ್ಬಳೇ ಮಗಳು.

ವಸಂತದಲ್ಲಿ ಮಾತ್ರ ರವ್ನಾ ಸ್ವತಃ ಆಟಕ್ಕಿಳಿಯುತ್ತಿದ್ದಳು. ಚಳಿಗಾಲವೆಲ್ಲ ರಸ್ತೆಯಂತೆ ಗಟ್ಟಿಯಾಗಿದ್ದ ಹೊಳೆಯ ಮಂಜುಗಡ್ಡೆಯು ಬಿಸಿಲು ಮರಳಿದ ಮೇಲೆ ಒಳಗೊಳಗೇ ಕೊಳೆಯತೊಡಗುತ್ತದೆ. ಮೇಲೆ ನೋಡಿದರೆ ಬಿಳುಪು. ಅಡಿಯಲ್ಲಿ ಹರಿವು ಅದನ್ನು ತಿಂದಿರುತ್ತದೆ. ಐದು ವರ್ಷದ ಮಗುವಿಗೆ ಇದನ್ನು ತಿಳಿಯಹೇಳುವುದು ಹೇಗೆ? ನಮ್ಮ ಹಿರಿಯರು ತಿಳಿಯಹೇಳಲಿಲ್ಲ, ಹೆದರಿಸಿದರು. ನೀರಿನಲ್ಲಿ ರಾವ್ಗ ಇದೆ, ಅದು ಮಂಜಿನ ಅಡಿಯಲ್ಲಿ ಮಲಗಿದೆ, ಒಂಟಿಯಾಗಿ ಅಂಚಿಗೆ ಬಂದ ಮಗುವನ್ನು ಎಳೆದೊಯ್ಯುತ್ತದೆ ಎಂದರು. ರವ್ನಾ ಆ ಹೆದರಿಕೆಯನ್ನೇ ಆಟವಾಗಿ ಮಾಡಿದ್ದಳು. ದಂಡೆಯುದ್ದಕ್ಕೂ ಬರ್ಚ್ ಕಡ್ಡಿಗಳನ್ನು ನೆಟ್ಟು ಗೆರೆಯೊಂದನ್ನು ಮಾಡುವರು. ಗೆರೆಯ ಆಚೆ, ಹಿಮದಲ್ಲಿ ಮಗುಚಿಹಾಕಿದ ಉದ್ದನೆಯ ದೋಣಿಯ ಅಡಿಯಲ್ಲಿ ಅವಳು ಅಡಗುವಳು. ನೆನೆಸಿದ ಹಳೆಯ ಸಾರಂಗದ ತೊಗಲನ್ನು ತಿರುವಿ ಹೊದ್ದು, ಮುಖಕ್ಕೆ ಹರಕು ಬಲೆಯನ್ನು ಇಳಿಬಿಟ್ಟುಕೊಂಡು. ಯಾರ ಕಾಲು ಗೆರೆ ದಾಟಿತೋ, ದೋಣಿಯಡಿಯಿಂದ ಒಂದು ಕೂಗು ಏಳುವುದು. ಗಂಟಲಿನ ತಳದಿಂದ ಬರುವ ಆ ಒದ್ದೆ ಕೂಗನ್ನು ಕೇಳಿದವರ ಬೆನ್ನಹುರಿ ದೊಡ್ಡವರಾದ ಮೇಲೂ ಅದನ್ನು ಮರೆಯದು. ಸಿಕ್ಕಿದ ಮಗು ದೋಣಿಯಡಿಯ ಸೆರೆಯಾಳು. ಅದನ್ನು ಬಿಡಿಸಿಕೊಳ್ಳಬೇಕಾದರೆ ಉಳಿದವರು ಮಂಜಿನ ಲಕ್ಷಣಗಳನ್ನು ಒಂದೊಂದಾಗಿ ಕೂಗಿ ಹೇಳಬೇಕು.

"ಕರ್ರಗಾಗಿರೋ ಗಡ್ಡೆ!"

"ಮೇಲೆ ನೀರು ನಿಂತಿರೋದು!"

"ಹಳ್ಳ ಬಂದು ಸೇರೋ ಜಾಗ!"

"ಕಾಲಿಟ್ರೆ ಟೊಳ್ಳು ಸದ್ದು ಬರೋದು!"

ಮುಂದಿನ ವರ್ಷ ಶಾಲೆಗೆ ಹೋಗುವ ದೊಡ್ಡ ಮಕ್ಕಳು ರಾವ್ಗನ ಕಾಲಲ್ಲಿ ಅಜ್ಜಿಯ ಬೂಟನ್ನು ಕಂಡಿರುತ್ತಿದ್ದರು. ಆದರೂ ಆ ಗುಟ್ಟನ್ನು ಚಿಕ್ಕವರಿಗೆ ಬಿಟ್ಟುಕೊಡುತ್ತಿರಲಿಲ್ಲ; ಅದು ಅವರ ಪ್ರತಿಷ್ಠೆ. ಚಿಕ್ಕವರು ಅರ್ಧ ತಿಳಿದು, ಅರ್ಧ ನಂಬಿ, ಪೂರ್ತಿ ಹೆದರುತ್ತಿದ್ದರು.

ರವ್ನಾ ಈ ಆಟವನ್ನು ಒಂದು ವಸಂತವೂ ತಪ್ಪಿಸದಿದ್ದುದಕ್ಕೆ ಕಾರಣವಿತ್ತು. ಅವಳ ಬಾಲ್ಯದಲ್ಲಿ ನಮ್ಮ ಸಾಮಿ ಮಕ್ಕಳನ್ನೆಲ್ಲ ದೂರದ ವಸತಿಶಾಲೆಗೆ ಸೇರಿಸುತ್ತಿದ್ದರು. ಅಲ್ಲಿ ನಮ್ಮ ನುಡಿಯನ್ನಾಡುವಂತಿರಲಿಲ್ಲ. ನಮ್ಮ ಕತೆಗಳೆಂದರೆ ನಾರ್ವೇಜಿಯನ್ ಮೇಲ್ವಿಚಾರಕಿಗೆ ನಗೆ. ರಾವ್ಗ ಇಲ್ಲ, ಅದು ಅಜ್ಞಾನಿಗಳ ಕಟ್ಟುಕತೆ ಎಂದು ಆಕೆ ಚಿಕ್ಕ ಮಕ್ಕಳಿಗೆ ಬಿಡಿಸಿ ಹೇಳಿದಳು. ರವ್ನಾಳ ತಮ್ಮ ಪಿಯೆರಾ ಅದನ್ನು ನಂಬಿದ. ಆ ವಸಂತದಲ್ಲೇ ಶಾಲೆಯ ಹಿಂದಿನ ಕೆರೆಯ ಮಂಜಿನ ಮೇಲೆ ನಡೆದುಹೋಗಿ ಮುಳುಗಿದ. ಮೇಲ್ವಿಚಾರಕಿ ಹೇಳಿದ್ದು ನಿಜವೇ ಆಗಿತ್ತು. ಆ ನಿಜವು ಮಗುವನ್ನು ದಂಡೆಯ ಮೇಲೆ ಉಳಿಸಲಿಲ್ಲ. ರವ್ನಾ ದೇವರಿಗೆ ಅಂಜುವ ಹೆಂಗಸು; ಭಾನುವಾರದ ಪ್ರಾರ್ಥನೆಯನ್ನು ತಪ್ಪಿಸಿದವಳಲ್ಲ, ಸುಳ್ಳಾಡಿದವಳಲ್ಲ. ಈ ಒಂದು ಸುಳ್ಳನ್ನು ಮಾತ್ರ ಅವಳು ಹರಕೆಯಂತೆ ಪಾಲಿಸಿಕೊಂಡು ಬಂದಿದ್ದಳು.

ಸಿರೆ ಐದು ವರ್ಷದವಳಿದ್ದ ಆ ವರ್ಷ, ಬಿಸಿಲಿಗೆ ಇನ್ನೂ ಕಸುವಿಲ್ಲವೆಂದು ಎಲ್ಲರೂ ನೆಮ್ಮದಿಯಿಂದಿದ್ದಾಗ, ಸಿರೆಯ ತಂದೆ ಯೊವ್ನ ಆಚೆ ದಡದ ಕಾಡಿನಿಂದ ಸೌದೆ ತರಲು ಹಿಮದ ಸ್ಕೂಟರನ್ನೇರಿ ಹೋದವನು ಮರಳಿ ಬರಲಿಲ್ಲ. ಚಳಿಗಾಲವೆಲ್ಲ ಅವನು ಓಡಾಡಿದ ಜಾಡೇ ಅದು. ಹಳ್ಳವು ಹೊಳೆಯನ್ನು ಕೂಡುವೆಡೆಯಲ್ಲಿ ಮಂಜು ಬಾಯಿ ತೆರೆದಿತ್ತು. ಅಂಚಿನಲ್ಲಿ ಸೌದೆಯ ಜಾರುಬಂಡಿ ಮೂಗು ಕೆಳಗಾಗಿ ಸಿಕ್ಕಿಕೊಂಡಿತ್ತು. ಮುಳುಗುಗಾರರು ಬಂದು ಸ್ಕೂಟರನ್ನು ಕಂಡರು, ಅವನನ್ನು ಕಾಣಲಿಲ್ಲ. ಹರಿವು ಅವನನ್ನು ಮಂಜಿನ ಚಾವಣಿಯ ಅಡಿಗೆ ಎಳೆದೊಯ್ದಿತ್ತು. ಇನ್ನು ಹೊಳೆಯ ಮಂಜು ಒಡೆಯುವವರೆಗೆ ಕಾಯಬೇಕೆಂದರು. ಹೂಳಲು ದೇಹವಿಲ್ಲದ ಮನೆಯಲ್ಲಿ ಪಾದ್ರಿಗಳು ಪ್ರಾರ್ಥನೆ ನಡೆಸಿದರು. ಹೆಂಗಸರು ಕಾಫಿ ಕಾಯಿಸಿದರು.

ಕೆಲವು ದಿನಗಳಲ್ಲಿ ಸಿರೆ ಶಿಶುವಿಹಾರಕ್ಕೆ ಬಂದಳು. ಅತ್ತಿದ್ದ ಕಣ್ಣಲ್ಲ. ಎಂದಿನಂತೆ ಆಡಿದಳು, ಎಂದಿನಂತೆ ಉಂಡಳು. ಮಂಜು ಕಪ್ಪಾಗತೊಡಗಿದಾಗ ಶಿಶುವಿಹಾರದ ಮುಖ್ಯಸ್ಥೆ ಮಾರ್ಗಿತ್ ರವ್ನಾಳನ್ನು ಒಳಗೆ ಕರೆದಳು. ಮಾರ್ಗಿತ್ ಇದೇ ಶಿಶುವಿಹಾರದಲ್ಲಿ ರಾವ್ಗನಿಗೆ ಹೆದರಿ ಬೆಳೆದವಳು.

"ರವ್ನಕ್ಕ, ಈ ವರ್ಷ ರಾವ್ಗ ಬೇಡ."

"ಮಂಜಿಗೆ ಹೇಳಿದೀಯಾ? ಈ ವರ್ಷ ಕರಗ್ಬೇಡ ಅಂತ?"

"ತಮಾಷೆ ಮಾಡ್ಬೇಡಿ. ಆ ಮಗು ಮುಂದೆ ಹೇಗ್ ಆಡೋದು?"

"ಆ ಮಗು ಮನೆ ಹೊಳೆಗೆ ಹತ್ತು ಹೆಜ್ಜೆ ಕಣೇ. ಅವಳಮ್ಮ ಹಾಸಿಗೆ ಬಿಟ್ಟು ಏಳ್ತಿಲ್ಲ. ಅವಳನ್ನ ಯಾರು ಕಾಯ್ತಾರೆ? ನೀನಾ?"

ಮಾರ್ಗಿತ್ ಕಿಟಕಿಯಾಚೆಯ ಹೊಳೆಯನ್ನು ನೋಡಿ ಹೇಳಿದಳು: "ನನಗ್ಯಾಕೋ ಸರಿ ಕಾಣ್ತಿಲ್ಲ. ನಿಮ್ಮಿಷ್ಟ." ಇಬ್ಬರ ಮಾತೂ ಸರಿಯೇ ಆಗಿತ್ತೆಂದು ಇಂದು ಯೋಚಿಸುವಾಗ ತೋರುತ್ತದೆ.

ಬರ್ಚ್ ಕಡ್ಡಿಗಳನ್ನು ನೆಟ್ಟರು. ರವ್ನಾ ತೊಗಲು ಹೊದ್ದು ದೋಣಿಯಡಿ ಸೇರಿದಳು. ಮೊದಲು ಐಲು ಗೆರೆ ದಾಟಿ ಕಾಲಾಡಿಸಿ ಅಣಕಿಸಿದ: "ಏಯ್ ರಾವ್ಗ, ನಿದ್ದೆ ಬಂತಾ? ಹಲ್ಲುದುರಿ ಹೋಯ್ತಾ?" ಕೂಗು ಎದ್ದಿತು. ತೊಗಲಿನ ಮುದ್ದೆಯೊಂದು ದೋಣಿಯಡಿಯಿಂದ ನಾಲ್ಕು ಕಾಲಲ್ಲಿ ಹೊರಬಿತ್ತು. ಮಕ್ಕಳೆಲ್ಲ ಕಿರುಚಿ ದಂಡೆಯ ಮೇಲಕ್ಕೆ ಚದುರಿದರು. ಹಿಡಿಯಲು ಬಂದ ಕೈಗೆ ಐಲು ಕೂಡ ಸಿಗಲಿಲ್ಲ.

ಸಿರೆ ಓಡಲಿಲ್ಲ. ಅವಳು ಗೆರೆಯನ್ನು ದಾಟಿ, ಎರಡೂ ತೋಳುಗಳನ್ನು ಚಾಚಿ, ರಾವ್ಗನ ಎದುರಿಗೇ ನಡೆದು ಬಂದಳು. ಒದ್ದೆ ತೊಗಲಿಗೆ ಮುಖವನ್ನೊತ್ತಿ ಮೆಲ್ಲಗೆ ಹೇಳಿದಳು: "ನಾನೂ ಬರ್ತೀನಿ. ಅಪ್ಪನ ಹತ್ರ ಕರ್ಕೊಂಡ್ ಹೋಗು."

ಆಟದ ನಿಯಮದಂತೆ ಸೆರೆಯಾಳನ್ನು ದೋಣಿಯಡಿಗೆ ಒಯ್ಯಬೇಕು. ರವ್ನಾ ಬೇರೇನೂ ತೋಚದೆ ಹಾಗೆಯೇ ಒಯ್ದಳು. ಅಲ್ಲಿನ ಮಬ್ಬಿನಲ್ಲಿ ಮಗು ನೆಮ್ಮದಿಯಿಂದ ಕುಳಿತು, ಕೇಳುವ ಮೊದಲೇ ಹೇಳಿತು: "ಐಲು ಹೇಳ್ದ. ಹೊಳೇಲಿ ಮುಳುಗಿದೋರು ರಾವ್ಗ ಆಗ್ತಾರಂತೆ. ಅವರಜ್ಜ ಹೇಳಿದ್ರಂತೆ. ಈಗ ಅಪ್ಪಾನೂ ಅಲ್ಲೇ ಇರೋದಲ್ವಾ? ನಂಗೇನೂ ಭಯ ಇಲ್ಲ." ಹೊರಗೆ ಮಕ್ಕಳು ಅವಳನ್ನು ಬಿಡಿಸಿಕೊಳ್ಳಲು ಒಂದೇ ಸಮನೆ ಕೂಗುತ್ತಿದ್ದರು: "ಕರ್ರಗಾಗಿರೋ ಗಡ್ಡೆ! ಹಳ್ಳ ಬಂದು ಸೇರೋ ಜಾಗ!" ಐಲುವಿನ ಅಜ್ಜ ಹೇಳಿದ್ದು ನಮ್ಮಲ್ಲಿ ಹಿಂದಿನಿಂದ ಬಂದ ಮಾತೇ. ಉಳಿದ ಮಕ್ಕಳನ್ನು ಹೊಳೆಯಿಂದ ದೂರ ನಿಲ್ಲಿಸುವ ಅದೇ ಕತೆಯು ಈ ಒಂದು ಮಗುವನ್ನು ಹೊಳೆಯೊಳಕ್ಕೆ ಕರೆಯುತ್ತಿತ್ತು.

ಆಗಲೇ ಬಲೆಯನ್ನು ಸರಿಸಿ ತನ್ನ ಮುಖವನ್ನು ತೋರಿಸಬಹುದಿತ್ತು. ರವ್ನಾ ತೋರಿಸಲಿಲ್ಲ. ಮಗುವಿನ ಬೆನ್ನು ಸವರಿ ದೋಣಿಯಡಿಯಿಂದ ಉಳಿದ ಮಕ್ಕಳ ಕಡೆಗೆ ಕಳಿಸಿದಳು. ಅಂದಿನಿಂದ ಆಟವನ್ನು ನಿಲ್ಲಿಸಿ, ಸಿರೆಯ ಬೆನ್ನಿಗೇ ಇರತೊಡಗಿದಳು.

ಮರುದಿನ ಸಂಜೆ ಯೊವ್ನನ ಮನೆಯ ಬಾಗಿಲಲ್ಲಿ ನಿಂತು "ದೇವರ ಶಾಂತಿ" ಎಂದಳು. ಯೊವ್ನನ ಹೆಂಡತಿ ಇಂಗಾ ಎದ್ದು ಕುಳಿತಳು. ಅವಳ ಮೈದುನ ನಿಲ್ಲಾಸ್ ಒಲೆಯ ಬಳಿ ಕಾಫಿ ಸೋಸುತ್ತಿದ್ದ. ಅಣ್ಣ ಹೋದಂದಿನಿಂದ ಆ ಮನೆಯನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಸಿರೆ ಒಳಕೋಣೆಯಲ್ಲಿ ಆಗಲೇ ನಿದ್ದೆಹೋಗಿದ್ದಳು.

"ಬಾ ರವ್ನಕ್ಕ. ಇವತ್ತು ತೊಗಲು ಹಾಕ್ಕೊಂಡಿಲ್ವಲ್ಲ, ಗುರುತೇ ಸಿಗ್ಲಿಲ್ಲ," ಎಂದ ನಿಲ್ಲಾಸ್. ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ರವ್ನಾ ನಡೆದುದನ್ನು ಹೇಳಿ, "ಇಂಗಾ, ರಾವ್ಗ ಇಲ್ಲ ಅಂತ ಮಗೂಗೆ ಹೇಳ್ಬಿಡ್ತೀನಿ," ಎಂದಳು.

"ಬೇಡ," ಎಂದಳು ಇಂಗಾ. "ಅಪ್ಪ ಕೆಳಗಿದಾನೆ, ದೊಡ್ಡ ಮೀನು ಕಾಯ್ತಿದಾನೆ ಅಂತ ಹೇಳ್ಕೊಂಡು ನಿದ್ದೆ ಮಾಡ್ತಾಳೆ ಅಕ್ಕ. ಈ ಮನೇಲಿ ನಿದ್ದೆ ಮಾಡೋದು ಅವಳೊಬ್ಬಳೇ. ಅವನು ಸಿಗೋವರೆಗಾದ್ರೂ ಇರ್ಲಿ. ಸಿಕ್ಕಿದ್ಮೇಲೆ ನಾನೇ ಹೇಳ್ತೀನಿ."

"ಅಲ್ಲೀವರೆಗೆ ಅವಳು ಹೊಳೆಗೆ ಇಳಿದ್ರೆ?"

"ನಾನಿದೀನಲ್ಲ, ನೋಡ್ಕೋತೀನಿ," ಎಂದ ನಿಲ್ಲಾಸ್. "ನೀನು ಹಗಲು, ನಾನು ಸಂಜೆ. ಐದು ವರ್ಷದ ಪಿಳ್ಳೇನ ಇಬ್ಬರು ಸೇರಿ ಕಾಯಕ್ಕಾಗಲ್ವಾ? ಸಾವಿರ ಸಾರಂಗ ಕಾಯ್ತಾರೆ ಜನ."

ತಾಯಿಯ ಮಾತನ್ನು ಮೀರಲು ರವ್ನಾಳಿಗೆ ಮನಸ್ಸು ಬರಲಿಲ್ಲ. ಪಿಯೆರಾನ ನೆನಪು ಕೂಡ ಅವಳ ಬಾಯನ್ನು ಕಟ್ಟಿತ್ತು. ಮಗುವೊಂದಕ್ಕೆ ರಾವ್ಗ ಇಲ್ಲವೆಂದು ಹೇಳುವುದೆಂದರೆ ಎಲ್ಲ ಮಕ್ಕಳಿಗೂ ಹೇಳಿದಂತೆ. ಮಕ್ಕಳ ನಡುವೆ ಅಂಥ ಸುದ್ದಿ ಒಂದು ಹಗಲೂ ಅಡಗಿರಲಾರದು. ಹೊಳೆ ಒಡೆಯುವವರೆಗೆ ಕಾಪಾಡೆಂದು ಅವಳು ದೇವರಲ್ಲಿ ಬೇಡಿಕೊಂಡಳು.

ಅದು ಮೋಡ ಮುಚ್ಚಿದ ಒಂದು ಮಧ್ಯಾಹ್ನ. ಮೆಟ್ಟಿಲ ಬಳಿ ಬಿದ್ದು ಮೂಗಿನಲ್ಲಿ ರಕ್ತ ಸೋರುತ್ತಿದ್ದ ಕೂಸೊಂದನ್ನು ರವ್ನಾ ಒಳಗೆ ಒಯ್ದು ಒರೆಸಿ ಬರುವಷ್ಟರಲ್ಲಿ ಕೊಂಬುಗಳ ನಡುವೆ ಸಿರೆ ಇರಲಿಲ್ಲ.

"ಸಿರೆ ಎಲ್ರೋ?"

"ಕಾಫಿ ಕೊಡಕ್ಕೆ ಹೋದ್ಳು," ಎಂದ ಐಲು.

"ಯಾರಿಗೆ?"

ಹುಡುಗ ಹೊಳೆಯ ಕಡೆ ಕೈತೋರಿದ.

ದಂಡೆಗೂ ಮಂಜಿಗೂ ನಡುವೆ ಆಗಲೇ ಕರಿಯ ನೀರಿನ ಪಟ್ಟಿಯೊಂದು ಬಿಟ್ಟುಕೊಂಡಿತ್ತು. ಒಂದು ಕಡೆ ಮಾತ್ರ ಗಡ್ಡೆಯ ನಾಲಗೆಯೊಂದು ದಡಕ್ಕಂಟಿ ಉಳಿದಿತ್ತು. ಅದರ ಮೇಲಿಂದ ಮಗು ದಾಟಿ ಹೋಗಿತ್ತು. ನಡುಹೊಳೆಗಿಂತ ಈಚೆ, ಬೂದು ಬಣ್ಣಕ್ಕೆ ತಿರುಗಿದ ಗಡ್ಡೆಯ ಮೇಲೆ ಸಿರೆ ಬೋರಲು ಮಲಗಿ, ಬಿರುಕಿಗೆ ಬಾಯಿಟ್ಟು ಏನನ್ನೋ ಹೇಳುತ್ತಿದ್ದಳು. ಪಕ್ಕದಲ್ಲಿ ಮರದ ಬಟ್ಟಲು.

ರವ್ನಾ ಒಂದು ಕಾಲನ್ನಿಟ್ಟಳು. ನಾಲಗೆ ಕುಸಿದು ನೀರು ಬೂಟಿಗೆ ನುಗ್ಗಿತು. ಅವಳ ಭಾರವನ್ನು ಅದು ತಾಳದು. ಮಾರ್ಗಿತ್ ಹಲಗೆ ತರಲು ಕೊಟ್ಟಿಗೆಗೆ ಓಡಿದಳು. ಉಳಿದ ಮಕ್ಕಳು ಕಡ್ಡಿಗಳ ಗೆರೆಯ ಹಿಂದೆ ಗುಂಪಾಗಿ ನಿಂತಿದ್ದರು.

"ಸಿರೆ, ಬಾರೇ ಇಲ್ಲಿ. ಊಟಕ್ಕೆ ಹೊತ್ತಾಯ್ತು."

"ಆಮೇಲ್ ಬರ್ತೀನಿ ಅಜ್ಜಿ. ಅಪ್ಪ ಇನ್ನೂ ಮಾತಾಡಿಲ್ಲ."

"ಗಡ್ಡೆ ಮುರಿಯುತ್ತೆ ಕಂದ."

"ಮುರೀಲಿ. ಕೆಳಗೆ ಅಪ್ಪ ಇದಾನೆ, ಹಿಡ್ಕೋತಾನೆ."

ದೂರದಲ್ಲೆಲ್ಲೋ ಮಂಜು ಗುಡುಗಿದಂತೆ ಸದ್ದಾಯಿತು. ಮಗು ನಕ್ಕಿತು, ಎದ್ದು ಮೊಣಕಾಲೂರಿ, ಸದ್ದು ಬಂದ ಕಡೆಗೆ, ಇನ್ನಷ್ಟು ಕಪ್ಪಾದ ಗಡ್ಡೆಯ ಕಡೆಗೆ ತೆವಳತೊಡಗಿತು.

ಆಗ ರವ್ನಾ ಬಾಯ್ತೆರೆದು ಆ ಕೂಗನ್ನು ಕೂಗಿದಳು. ತೊಗಲಿಲ್ಲ, ಬಲೆಯಿಲ್ಲ, ದೋಣಿಯಿಲ್ಲ. ಹಗಲಿನ ಬೆಳಕಿನಲ್ಲಿ, ಎಲ್ಲ ಮಕ್ಕಳ ಕಣ್ಣೆದುರು, ಮರೆಯಿಲ್ಲದ ಮುಖದಿಂದ ಕೂಗಿದಳು. ಸಿರೆ "ಅಪ್ಪಾ!" ಎಂದು ಥಟ್ಟನೆ ತಿರುಗಿದಳು. ತಿರುಗಿದವಳು ನೋಡಿದ್ದು ಅಜ್ಜಿಯ ತೆರೆದ ಬಾಯನ್ನು. ರವ್ನಾ ಉಸಿರೆಳೆದುಕೊಂಡು ಮತ್ತೊಮ್ಮೆ ಕೂಗಿದಳು, ಕೂಗು ಎಲ್ಲಿಂದ ಬರುತ್ತದೆಂದು ಮಗು ಚೆನ್ನಾಗಿ ಕಾಣಲೆಂದು.

"ನೋಡ್ದಾ? ಇದು ನಾನೇ ಕಣೇ. ಯಾವಾಗ್ಲೂ ನಾನೇ. ರಾವ್ಗ ಇಲ್ಲ."

"ಹೊಳೇಲಿರೋದು ಬೇರೆ."

"ಹೊಳೇಲೂ ಇಲ್ಲ ಮಗಾ. ಯಾರೂ ಇಲ್ಲ. ಬರೀ ನೀರು."

"ಅಪ್ಪ?"

ಮಾರ್ಗಿತ್ ಹಲಗೆಯನ್ನೆಳೆದು ತರುತ್ತಿದ್ದಳು. ರವ್ನಾಳಿಗೆ ತನ್ನ ದನಿ ಬೇರೆಯವರದ್ದೆಂಬಂತೆ ಕೇಳಿಸಿತು. "ನಿಮ್ಮಪ್ಪ ಸತ್ತೋಗಿದಾನೆ ಸಿರೆ. ಅವನಿಗೆ ನಿನ್ ಮಾತು ಕೇಳ್ಸಲ್ಲ. ನೀನ್ ಬಿದ್ರೆ ಅವನು ಹಿಡ್ಕೊಳಲ್ಲ. ಹಿಡ್ಕೊಳೋರು ಅಲ್ಲಿ ಯಾರೂ ಇಲ್ಲ."

ಮಗು ತೆವಳುವುದನ್ನು ನಿಲ್ಲಿಸಿ ಗಡ್ಡೆಯ ಮೇಲೆ ಕುಳಿತುಕೊಂಡಿತು. ಆಮೇಲೆ ಸುತ್ತಲಿನ ಮಂಜನ್ನು ಮೊದಲ ಬಾರಿಗೆ ಕಂಡಂತೆ ನೋಡಿತು, ನಡುಗತೊಡಗಿತು. ಹೆದರಿಕೆ ಅದಕ್ಕೆ ಮರಳಿ ಬಂದಿತ್ತು. ಹಲಗೆಯನ್ನು ಚಾಚಿದರು. ಸಿರೆ ಅಂಬೆಗಾಲಿಕ್ಕುತ್ತ ಬಂದಳು. ನೀರಿನ ಪಟ್ಟಿಯನ್ನು ದಾಟಿ ರವ್ನಾಳ ಕೈಗೆ ಸಿಕ್ಕಿದಳು. ಸಿಕ್ಕಿದೊಡನೆ ಎರಡೂ ಮುಷ್ಟಿಗಳಿಂದ ಅವಳ ಬಾಯಿಗೆ ಹೊಡೆದಳು. ರವ್ನಾ ಮುಖವನ್ನು ತಿರುಗಿಸದೆ ಹೊಡೆಸಿಕೊಂಡಳು. ತಂದೆ ಹೋದ ಮೇಲೆ ಆ ಮಗು ಅತ್ತಿದ್ದು ಅಂದೇ ಮೊದಲು.

ಅಂದು ಸಂಜೆಯೊಳಗೆ ಊರಿನ ಮಕ್ಕಳಿಗೆಲ್ಲ ಸುದ್ದಿ ಮುಟ್ಟಿತ್ತು. ಮರುದಿನ ಬೆಳಗ್ಗೆ ಶಿಶುವಿಹಾರದ ಅತಿ ಚಿಕ್ಕ ಹುಡುಗನೊಬ್ಬ ಬರ್ಚ್ ಕಡ್ಡಿಯೊಂದನ್ನು ಕಿತ್ತು ಕುದುರೆಮಾಡಿಕೊಂಡು, ಗೆರೆಯ ಆಚೆ, ದೋಣಿಯ ಆಚೆ, ನೀರಿನ ಅಂಚಿನವರೆಗೂ ಸವಾರಿ ಹೋದ. ರವ್ನಾ ಅವನನ್ನು ಎತ್ತಿ ತಂದಳು.

"ರಾವ್ಗ ಇಲ್ವಲ್ಲ ಅಜ್ಜಿ!" ಎಂದು ಅವನು ಕಾಲು ಬಡಿದ.

ಆ ವಸಂತದಲ್ಲಿ ಹೊಳೆ ಒಡೆಯುವವರೆಗೂ ಅವಳು ಮೆಟ್ಟಿಲ ಮೇಲೆ ಕುಳಿತು ಹೊಲಿಯಲಿಲ್ಲ. ಮಕ್ಕಳು ಮನೆಗೆ ಹೋದ ಮೇಲೂ ನೀರಿಗೂ ಮನೆಗಳಿಗೂ ನಡುವೆ ನಡೆದಾಡುತ್ತಿದ್ದಳು. ಸಂಜೆ ನಿಲ್ಲಾಸ್ ಬಂದು "ಹೋಗು ರವ್ನಕ್ಕ, ನಾನಿದೀನಿ" ಎಂದರೆ ಮಾತ್ರ ಹೊರಡುವಳು. ಯಾವ ಮಗುವೂ ಸಾಯಲಿಲ್ಲ. ಮಂಜು ಒಡೆದು ಸಾಗಿದ ಮೇಲೆ ಯೊವ್ನನ ದೇಹವು ಕೆಳಗಿನ ಮರಳುದಿಣ್ಣೆಯೊಂದರಲ್ಲಿ ಸಿಕ್ಕಿತು. ಹೂಳುವ ದಿನ ಇಂಗಾ ಎಲ್ಲರೆದುರು ರವ್ನಾಳ ಕೈಹಿಡಿದು, "ಒಂದನ್ನಾದ್ರೂ ಉಳಿಸಿಕೊಟ್ಟೆ," ಎಂದಳು. ಸಿರೆ ತಾಯಿಯ ಇನ್ನೊಂದು ಕೈ ಹಿಡಿದು ನಿಂತಿದ್ದಳು. ರವ್ನಾ ಬಗ್ಗಿ ಅವಳ ಟೋಪಿಯ ದಾರವನ್ನು ಕಟ್ಟಲು ಹೋದಾಗ ಮಗು ಒಂದು ಹೆಜ್ಜೆ ಹಿಂದೆ ಸರಿಯಿತು.

ಆ ಬೇಸಗೆಯ ನಂತರ ರವ್ನಾ ಇನ್ನೂ ಕೆಲವು ವರ್ಷ ಶಿಶುವಿಹಾರದಲ್ಲಿದ್ದಳು. ಮಕ್ಕಳು ಆಡುತ್ತಿದ್ದರು. ಮಂಜಿನ ವಿಷಯವನ್ನು ಮಾರ್ಗಿತ್ ಚಿತ್ರಗಳನ್ನು ತೋರಿಸಿ ಹೇಳಿಕೊಡುತ್ತಿದ್ದಳು. ಕೆಲವರು ಕೇಳುತ್ತಿದ್ದರು, ಕೆಲವರು ಆಕಳಿಸುತ್ತಿದ್ದರು. ವಸಂತ ಬಂದರೆ ರವ್ನಾ ಹೊಳೆಯಂಚಿನಲ್ಲಿ ನಿಲ್ಲುವಳು. ಸಿರೆ ಶಾಲೆಗೆ ಹೋಗಿಬರುವ ದಾರಿಯೂ ಅದೇ ದಂಡೆಯ ಮೇಲಿತ್ತು. ಅವಳು ಪ್ರತಿದಿನವೂ ಆ ಮುದುಕಿಯ ಪಕ್ಕದಿಂದಲೇ, ನೀರಿನ ಕಡೆಗಾಗಲಿ ಅವಳ ಕಡೆಗಾಗಲಿ ನೋಡದೆ, ನೇರವಾಗಿ ನಡೆದು ಮನೆ ಸೇರುತ್ತಿದ್ದಳು. ರವ್ನಾ ಅವಳನ್ನು ಒಮ್ಮೆಯೂ ಕರೆಯಲಿಲ್ಲ. ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ನಿಂತಿದ್ದು, ಆಮೇಲೆ ಮತ್ತೆ ಹೊಳೆಯ ಕಡೆ ತಿರುಗುವಳು.